ಗಲ್ಫ್‌ಗೆ ಹೊಂಟವರು ಯಾವ ಅರೇಬಿಕ್ ಕಲೀಬೇಕು? ಪುಸ್ತಕದ್ದೋ, ಮಾತಿನದ್ದೋ?

ಕುಬಿಹಾಳ (ಕುಂದಗೋಳ ತಾ.): ಕುಬಿಹಾಳದ ಹುಡುಗನೊಬ್ಬ ಕುವೈತ್‌ನಲ್ಲಿ ಮನೆ ಡ್ರೈವರ್ ಕೆಲಸಕ್ಕೆ ಹೊಂಟಾನ ಅಂತ ಇಟ್ಕೊಳ್ರಿ. ಪಾಸ್‌ಪೋರ್ಟ್ ಆತು, ಮೆಡಿಕಲ್ ಆತು, ವಿಸಾ ಬರೋದಕ್ಕೆ ಇನ್ನೂ ಎರಡು ತಿಂಗಳು ಐತಿ. ಖಾಲಿ ಯಾಕ ಕೂಡೋದು ಅಂತ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕ್ಕೊಂಡು ಅರೇಬಿಕ್ ಕಲಿಯಲು ಕುಂತ. "ಅಯ್ನ ಅಸ್ಸಯ್ಯಾರಾ?" ಅಂದರೆ "ಕಾರು ಎಲ್ಲಿದೆ?". "ಅಲ್‌ಆನ್" ಅಂದರೆ "ಈಗ". ಎಲ್ಲಾ ಬಾಯಿಪಾಠ ಮಾಡಿದ.

ಕುವೈತ್‌ಗೆ ಇಳಿದ ಮರುದಿನ ಮಾಲೀಕ ಕೇಳೋದು "ವೇನ್ ಅಸ್ಸಯ್ಯಾರಾ?" ಅಂತ. "ಈಗಲೇ ಬಾ" ಅನ್ನೋದಕ್ಕೆ ಅವರು ಅನ್ನೋದು "ತಆಲ್ ಅಲ್‌ಹೀನ್". ಹುಡುಗ ಕಲಿತದ್ದು ತಪ್ಪಲ್ಲ, ಆದರೆ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಎರಡು ತಿಂಗಳ ಶ್ರಮದಲ್ಲಿ ಅರ್ಧ ನೀರಿಗೆ ಹೋದಂಗ.

ಗಲ್ಫ್‌ನ ಆರು ದೇಶಗಳಲ್ಲಿ (ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಬಹರೇನ್, ಒಮಾನ್) ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಕರ್ನಾಟಕದಿಂದ ಭಟ್ಕಳ, ಮಂಗಳೂರು, ಉಡುಪಿ ಕಡೆಯವರು ಹಿಂದಿನಿಂದಲೂ ಹೋಗುತ್ತಿದ್ದಾರೆ. ಅವರ ಮನೆಗಳಲ್ಲಿ ಅಪ್ಪ, ಕಾಕಾ, ಮಾವ ಯಾರಾದರೊಬ್ಬರು ಅಲ್ಲಿದ್ದು ಬಂದವರೇ. ಹೊಸಬರಿಗೆ ಹೇಳಿಕೊಡಲು ಮಂದಿ ಇದ್ದಾರೆ. ಆ ಅನುಕೂಲ ಇಲ್ಲದ ಮನೆಯಿಂದ ಮೊದಲ ಸಲ ಹೊರಡುವವರಿಗೆ ಯಾವ ಅರೇಬಿಕ್ ಕಲೀಬೇಕು ಅನ್ನೋದೇ ದೊಡ್ಡ ಗೊಂದಲ. ಅದನ್ನು ಬಿಡಿಸಿ ಹೇಳುವ ಪ್ರಯತ್ನ ಇಲ್ಲಿದೆ.

ಹೆಸರು ಒಂದೇ, ಮಾತು ಹಲವು

ಅರೇಬಿಕ್ 22 ದೇಶಗಳ ಅರಬ್ ಒಕ್ಕೂಟದ ಭಾಷೆ. ಆದರೆ ಬರೆಯೋದು ಒಂದು, ಆಡೋದು ಇನ್ನೊಂದು. ಪತ್ರಿಕೆ, ಟಿವಿ ಸುದ್ದಿ, ಸರ್ಕಾರಿ ಕಾಗದ, ಶಾಲೆ ಪುಸ್ತಕಗಳಲ್ಲಿ ಇರೋದು "ಫುಸ್ಹಾ" ಎಂಬ ಗ್ರಾಂಥಿಕ ಅರೇಬಿಕ್. ಮನೆ, ಅಂಗಡಿ, ರಸ್ತೆಯಲ್ಲಿ ಆಡೋದು ಆಯಾ ಸೀಮೆಯ ಮಾತು.

ಇದು ನಮಗೆ ಹೊಸದೇನಲ್ಲ. ಕನ್ನಡದ ಪತ್ರಿಕೆಯಲ್ಲಿ "ಏನು ಮಾಡುತ್ತಿದ್ದೀರಿ" ಅಂತ ಬರೀತಾರೆ. ಕುಂದಗೋಳದಲ್ಲಿ "ಏನ್ ಮಾಡಾಕತ್ತೀರಿ" ಅಂತಾರೆ, ಮೈಸೂರಲ್ಲಿ "ಏನ್ ಮಾಡ್ತಾ ಇದೀರ", ಮಂಗಳೂರು ಕಡೆ "ಎಂತ ಮಾಡ್ತೀರಿ". ಪುಸ್ತಕದ ಕನ್ನಡ ಮಾತ್ರ ಕಲಿತ ಪರದೇಶಿಯೊಬ್ಬ ಕುಂದಗೋಳ ಸಂತೆಗೆ ಬಂದರೆ ಏನಾಗುತ್ತದೋ, ಅದೇ ನಮ್ಮ ಹುಡುಗನಿಗೆ ಕುವೈತ್‌ನಲ್ಲಿ ಆಗುತ್ತದೆ. ಅರೇಬಿಕ್‌ನಲ್ಲಿ ಈ ಅಂತರ ಕನ್ನಡಕ್ಕಿಂತ ಇನ್ನೂ ದೊಡ್ಡದು. ಮೊರಾಕೊದವರು ತಮ್ಮ ಮಾತು ಆಡಿದರೆ ಕುವೈತ್‌ನವರಿಗೆ ಬಹಳಷ್ಟು ತಿಳಿಯೋದಿಲ್ಲ.

ದಿನಬಳಕೆಯ ಐದು ಪದ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ:

ಏನು: ಪುಸ್ತಕದಲ್ಲಿ "ಮಾದಾ". ಕುವೈತ್‌ನಲ್ಲಿ "ಶಿನೂ", ರಿಯಾದ್‌ನಲ್ಲಿ "ವೆಶ್", ಜೆಡ್ಡಾದಲ್ಲಿ "ಏಶ್", ಈಜಿಪ್ಟ್‌ನಲ್ಲಿ "ಏಹ್", ಸಿರಿಯಾ-ಲೆಬನಾನ್‌ನಲ್ಲಿ "ಶೂ".

ಎಲ್ಲಿ: ಪುಸ್ತಕದಲ್ಲಿ "ಅಯ್ನ". ಗಲ್ಫ್‌ನಲ್ಲಿ "ವೇನ್", ಈಜಿಪ್ಟ್ ಮತ್ತು ಜೆಡ್ಡಾದಲ್ಲಿ "ಫೇನ್".

ಈಗ: ಪುಸ್ತಕದಲ್ಲಿ "ಅಲ್‌ಆನ್". ಗಲ್ಫ್‌ನಲ್ಲಿ "ಅಲ್‌ಹೀನ್", ಜೆಡ್ಡಾದಲ್ಲಿ "ದಹೀನ್", ಈಜಿಪ್ಟ್‌ನಲ್ಲಿ "ದಿಲ್ವಅತಿ", ಸಿರಿಯಾದಲ್ಲಿ "ಹಲ್ಲಅ", ಮೊರಾಕೊದಲ್ಲಿ "ದಾಬಾ".

ನನಗೆ ಬೇಕು: ಪುಸ್ತಕದಲ್ಲಿ "ಉರೀದ್". ಕುವೈತ್, ಕತಾರ್‌ನಲ್ಲಿ "ಅಬೀ", ಸೌದಿಯಲ್ಲಿ "ಅಬ್ಗಾ", ಈಜಿಪ್ಟ್‌ನಲ್ಲಿ "ಆಯಿಜ್", ಸಿರಿಯಾದಲ್ಲಿ "ಬಿದ್ದಿ".

ಚಲೋ: ಪುಸ್ತಕದಲ್ಲಿ "ಜಯ್ಯಿದ್". ಗಲ್ಫ್‌ನಲ್ಲಿ "ಜೇನ್", ಈಜಿಪ್ಟ್‌ನಲ್ಲಿ "ಕುವಯ್ಯಿಸ್", ಸಿರಿಯಾದಲ್ಲಿ "ಮ್ನೀಹ್".

ಪದ ಅಷ್ಟೇ ಅಲ್ಲ, ಉಚ್ಚಾರವೂ ಬೇರೆ. ಕಾಫಿಗೆ ಪುಸ್ತಕದಲ್ಲಿ "ಕಹ್ವಾ", ಗಲ್ಫ್‌ನಲ್ಲಿ "ಗಹ್ವಾ", ಈಜಿಪ್ಟ್‌ನ ಕೈರೋದಲ್ಲಿ "ಅಹ್ವಾ". "ಜಮಾಲ್" ಎಂಬ ಹೆಸರು ಕೈರೋದಲ್ಲಿ "ಗಮಾಲ್" ಆಗುತ್ತದೆ. ಕೋಳಿಗೆ ಪುಸ್ತಕದಲ್ಲಿ "ದಜಾಜ್", ಕುವೈತ್ ಮನೆಗಳಲ್ಲಿ "ದಿಯಾಯ್". ಕೆಲವೊಮ್ಮೆ ಅರ್ಥವೇ ತಿರುಗುತ್ತದೆ. "ಆಫಿಯಾ" ಅಂದರೆ ಗಲ್ಫ್‌ನಲ್ಲಿ ಆರೋಗ್ಯ, ಮೊರಾಕೊದಲ್ಲಿ ಬೆಂಕಿ. ಗಲ್ಫ್‌ನಲ್ಲಿ "ದೇವರು ನಿನಗೆ ಆರೋಗ್ಯ ಕೊಡಲಿ" ಅಂತ ಹರಸುವ ಮಾತು ಮೊರಾಕೊದವನ ಕಿವಿಗೆ ಬೇರೆಯೇ ಆಗಿ ಕೇಳಬಹುದು.

ಮೊದಲ ಪ್ರಶ್ನೆ: ಯಾವ ದೇಶ? ಎರಡನೇದು: ಯಾರ ಕೂಡ ಮಾತು?

"ಎಲ್ಲಕ್ಕಿಂತ ಚಲೋ ಅರೇಬಿಕ್ ಯಾವುದು?" ಅಂತ ಕೇಳಿದರೆ ಉತ್ತರ ಸಿಗೋದಿಲ್ಲ. ಹೋಗೋ ದೇಶ ಯಾವುದು, ದಿನಾ ಮಾತಾಡೋದು ಯಾರ ಜೋಡಿ ಅನ್ನೋದನ್ನು ಮೊದಲು ತೀರ್ಮಾನಿಸಿಕೊಂಡರೆ ಉತ್ತರ ತಾನೇ ಸಿಗುತ್ತದೆ.

ದೇಶದಿಂದ ದೇಶಕ್ಕೆ ಅರೇಬಿಕ್‌ನ ಅಗತ್ಯ ಬದಲಾಗುತ್ತದೆ. ಯುಎಇಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿ ಹೊರದೇಶದವರು. ದುಬೈನಲ್ಲಿ ಹಿಂದಿ, ಉರ್ದು, ಮಲಯಾಳಂ, ಇಂಗ್ಲಿಷ್‌ನಲ್ಲೇ ದಿನ ಕಳೆಯಬಹುದು. ಸೌದಿ ಹಾಗಲ್ಲ. 2022ರ ಅಲ್ಲಿನ ಜನಗಣತಿ ಪ್ರಕಾರ 3.2 ಕೋಟಿ ಜನರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ 58ರಷ್ಟು ಸೌದಿಯವರೇ. ದೊಡ್ಡ ಊರು ಬಿಟ್ಟು ಒಳಗೆ ಹೋದಷ್ಟೂ ಅರೇಬಿಕ್ ಬೇಕೇ ಬೇಕು.

ಕೆಲಸದ ಲೆಕ್ಕದಲ್ಲಿ ಹೀಗೆ ನೋಡಬಹುದು:

ಕಟ್ಟಡ ಕೆಲಸ, ಕಂಪನಿ ಕೂಲಿ: ಕ್ಯಾಂಪಿನಲ್ಲಿ ಜೊತೆಗಿರೋರು ಉತ್ತರ ಪ್ರದೇಶ, ಬಿಹಾರ, ನೇಪಾಳ, ಪಾಕಿಸ್ತಾನ, ಬಾಂಗ್ಲಾದವರು. ಮೊದಲು ಹಿಂದಿ ಸುಧಾರಿಸಿಕೊಳ್ಳೋದು ಲಾಭ. ಅರೇಬಿಕ್‌ನಲ್ಲಿ ಅಂಕಿ, ಆಸ್ಪತ್ರೆ, ಪೊಲೀಸ್, ಪಗಾರದ ಮಾತು ಬಂದರೆ ಶುರುವಿಗೆ ಸಾಕು.

ಮನೆ ಡ್ರೈವರ್, ಮನೆಗೆಲಸ, ತೋಟ, ಕುರಿ-ಒಂಟೆ ಕಾಯುವ ಕೆಲಸ: ಅರೇಬಿಕ್ ಎಲ್ಲರಿಗಿಂತ ಹೆಚ್ಚು ಬೇಕಾದವರು ಇವರೇ. ಒಂದು ಮನೆ, ಒಂದು ಕುಟುಂಬ, ಸುತ್ತ ಭಾರತೀಯರು ಇರಬಹುದು, ಇಲ್ಲದೇ ಇರಬಹುದು. ಇವರು ಆ ದೇಶದ ಆಡುಮಾತನ್ನೇ ಕಲಿಯಬೇಕು.

ಅಂಗಡಿ, ಸೂಪರ್ ಮಾರ್ಕೆಟ್, ಹೋಟೆಲ್: ಗಿರಾಕಿಗಳಲ್ಲಿ ಗಲ್ಫ್‌ನವರ ಜೊತೆ ಈಜಿಪ್ಟ್, ಸಿರಿಯಾ, ಲೆಬನಾನ್, ಯೆಮನ್‌ನವರೂ ಬರುತ್ತಾರೆ. ಗಲ್ಫ್ ಮಾತು ಆಡಲು ಬರಬೇಕು, ಈಜಿಪ್ಟಿನದು ಕೇಳಿದರೆ ತಿಳಿಯಬೇಕು.

ನರ್ಸ್, ಲ್ಯಾಬ್ ಕೆಲಸ: ಡಾಕ್ಟರ ಜೊತೆ ಇಂಗ್ಲಿಷ್ ನಡೆಯುತ್ತದೆ. ಆದರೆ "ಎಲ್ಲಿ ನೋಯುತ್ತದೆ" ಅಂತ ಕೇಳಿದಾಗ ವಯಸ್ಸಾದ ರೋಗಿ ಉತ್ತರಿಸೋದು ತನ್ನ ಸೀಮೆಯ ಮಾತಿನಲ್ಲಿ.

ಯಾವ ದೇಶ ಅನ್ನೋದೇ ಇನ್ನೂ ಖಾತ್ರಿ ಆಗಿಲ್ಲದವರು ಗಲ್ಫ್‌ನ ಸಾಮಾನ್ಯ ಮಾತು, ಅಂದರೆ "ಖಲೀಜಿ" ಹಿಡಿಯೋದು ಸುರಕ್ಷಿತ. "ಖಲೀಜ್" ಅಂದರೆ ಕೊಲ್ಲಿ. ಕುವೈತ್, ಕತಾರ್, ಬಹರೇನ್, ಯುಎಇ ಮಾತುಗಳು ಒಂದಕ್ಕೊಂದು ಹತ್ತಿರ. ಧಾರವಾಡ, ಗದಗ, ಹಾವೇರಿ ಕನ್ನಡದ ನಡುವಿನ ವ್ಯತ್ಯಾಸದಂತೆ ಸ್ವಲ್ಪ ದಿನದಲ್ಲಿ ಹೊಂದಿಕೊಳ್ಳಬಹುದು.

ಈಜಿಪ್ಟ್ ಮಾತು ಯಾಕೆ ಎಲ್ಲೆಡೆ ಕೇಳುತ್ತದೆ?

ಯೂಟ್ಯೂಬ್‌ನಲ್ಲಿ "ಅರೇಬಿಕ್ ಕಲಿಯಿರಿ" ಅಂತ ಹುಡುಕಿದರೆ ಸಿಗೋದು ಬಹುತೇಕ ಪುಸ್ತಕದ ಅರೇಬಿಕ್, ಇಲ್ಲವೇ ಈಜಿಪ್ಟ್, ಸಿರಿಯಾ ಕಡೆಯ ಮಾತು. ಅದಕ್ಕೆ ಕಾರಣ ಇದೆ. ಅರಬ್ ಜಗತ್ತಿನ ಸಿನಿಮಾ ಉದ್ಯಮ ಬೆಳೆದದ್ದು ಕೈರೋದಲ್ಲಿ. 1953ರಲ್ಲಿ ಶುರುವಾದ ಕೈರೋದ "ಸೌತ್ ಅಲ್‌ಅರಬ್" ರೇಡಿಯೋ, ಉಮ್ಮ್ ಕುಲ್ಸೂಮ್ ಅವರ ಹಾಡು ಎಲ್ಲಾ ದೇಶಗಳ ಮನೆ ತಲುಪಿದವು. ಹಾಗಾಗಿ ಈಜಿಪ್ಟಿನವರು ಆಡಿದ್ದು ಹೆಚ್ಚುಕಡಿಮೆ ಎಲ್ಲ ಅರಬರಿಗೂ ತಿಳಿಯುತ್ತದೆ.

ಆದರೆ ಅವರಿಗೆ ನಮ್ಮ ಮಾತು ತಿಳಿಯೋದು ಒಂದು, ಅವರ ಮಾತು ನಮಗೆ ತಿಳಿಯೋದು ಇನ್ನೊಂದು. ಈಜಿಪ್ಟಿನದು ಕಲಿತವನು "ಫೇನ್" ಅಂದರೆ ಕುವೈತಿಗೆ ಅರ್ಥ ಆಗುತ್ತದೆ. ಅವನು ತಿರುಗಿ ಕುವೈತ್ ಮಾತಿನಲ್ಲಿ ಉತ್ತರ ಕೊಟ್ಟರೆ ನಮ್ಮವನು ಕಣ್ಣು ಕಣ್ಣು ಬಿಡಬೇಕು. ಕೆಲಸಕ್ಕೆ ಹೋದವನಿಗೆ ಕೇಳಿಸಿಕೊಂಡು ತಿಳಿಯೋದೇ ಮುಖ್ಯ.

"ಮಾಫಿ" ಅರೇಬಿಕ್: ಅನುಕೂಲವೂ ಹೌದು, ಅಪಾಯವೂ ಹೌದು

ಗಲ್ಫ್‌ನಿಂದ ಬಂದವರ ಬಾಯಲ್ಲಿ "ಮಾಫಿ ಮುಶ್ಕಿಲ್", "ಮಾಫಿ ಮಾಲೂಮ್" ಅನ್ನೋದನ್ನು ಹಲವರು ಕೇಳಿರಬಹುದು. "ತೊಂದರೆ ಇಲ್ಲ", "ಗೊತ್ತಿಲ್ಲ" ಅಂತ ಅರ್ಥ. ಇದು ಅರಬರು ತಮ್ಮತಮ್ಮೊಳಗೆ ಆಡುವ ಮಾತಲ್ಲ. ಭಾರತ, ಪಾಕಿಸ್ತಾನ, ಬಾಂಗ್ಲಾ, ಫಿಲಿಪ್ಪೀನ್ಸ್ ಕೆಲಸಗಾರರು ಮತ್ತು ಅಲ್ಲಿನ ಮಾಲೀಕರ ನಡುವೆ ಹುಟ್ಟಿದ ಕೂಡುಮಾತು. ಭಾಷಾತಜ್ಞರು ಇದನ್ನು "ಗಲ್ಫ್ ಪಿಜಿನ್ ಅರೇಬಿಕ್" ಅಂತಾರೆ. "ಫಿ" ಅಂದರೆ ಇದೆ, "ಮಾಫಿ" ಅಂದರೆ ಇಲ್ಲ. ಇವೆರಡರ ಮೇಲೆ ಅರ್ಧ ವ್ಯವಹಾರ ನಡೆದುಹೋಗುತ್ತದೆ. ಹೋದ ಮೂರ್ನಾಲ್ಕು ತಿಂಗಳಲ್ಲಿ ಕಿವಿಯಿಂದಲೇ ಬರುತ್ತದೆ, ಇದಕ್ಕೆ ದುಡ್ಡು ಕೊಟ್ಟು ಕೋರ್ಸ್ ಬೇಕಾಗಿಲ್ಲ.

ತೊಂದರೆ ಬರೋದು ಜಗಳ ಆದಾಗ. ಜ್ವರ ಬಂದ ಕೆಲಸಗಾರ "ಅನಾ ಮಾಫಿ ಶುಗ್ಲ್" ಅಂದ ಅಂತ ಇಟ್ಕೊಳ್ರಿ. ಅವನ ಮನಸ್ಸಿನಲ್ಲಿ ಇರೋದು "ಇವತ್ತು ಕೆಲಸ ಮಾಡೋಕಾಗಲ್ಲ". ಆದರೆ ಆ ಮಾತಿಗೆ "ನನಗೆ ಕೆಲಸ ಇಲ್ಲ" ಅಂತಲೂ, "ನಾ ಕೆಲಸ ಮಾಡೋದೇ ಇಲ್ಲ" ಅಂತಲೂ ಅರ್ಥ ಹಚ್ಚಬಹುದು. ಕೆಲಸ ಬಿಟ್ಟು ಹೋದ ಅಂತ ಮಾಲೀಕ ದೂರು ಕೊಟ್ಟರೆ (ಸೌದಿಯಲ್ಲಿ ಇದಕ್ಕೆ "ಹುರೂಬ್" ಅಂತಾರೆ) ಕೆಲಸಗಾರನ ವಾಸದ ಪರವಾನಗಿಗೇ ಸಂಚಕಾರ. ಅದೇ ಮಾತನ್ನು "ಅನಾ ಮರೀದ್, ಮಾ ಅಗ್ದರ್ ಅಶ್ತಗಿಲ್ ಅಲ್‌ಯೋಮ್" ಅಂದರೆ "ನನಗೆ ಆರಾಮಿಲ್ಲ, ಇವತ್ತು ಕೆಲಸ ಮಾಡೋಕಾಗಲ್ಲ" ಅಂತ ಸ್ಪಷ್ಟ ಆಗುತ್ತದೆ. ಇಂಥ ಹತ್ತು ವಾಕ್ಯ ಸರಿಯಾಗಿ ಬಂದರೆ ಸಾವಿರ ಬಿಡಿ ಪದ ಬಂದದ್ದಕ್ಕಿಂತ ಉಪಯೋಗ.

ಮದರಸಾದಲ್ಲಿ ಕಲಿತವರಿಗೆ ಏನು ಲಾಭ?

ಕುರಾನ್ ಓದಲು ಕಲಿತವರಿಗೆ ಅರೇಬಿಕ್ ಅಕ್ಷರ ಬರುತ್ತದೆ, ಕನ್ನಡದಲ್ಲಿ ಇಲ್ಲದ ಗಂಟಲಿನ ಧ್ವನಿಗಳೂ ನಾಲಿಗೆಗೆ ರೂಢಿ ಆಗಿರುತ್ತವೆ. ಇದು ದೊಡ್ಡ ಮುನ್ನಡೆ. ಬೋರ್ಡ್, ಔಷಧಿ ಚೀಟಿ, ಬಸ್ ಹೆಸರು ಓದಬಹುದು. ಆದರೆ ಓದಲು ಬಂದ ಮಾತ್ರಕ್ಕೆ ಮಾತು ಬರೋದಿಲ್ಲ, ಅದನ್ನು ಬೇರೆ ಕಲಿಯಬೇಕು.

ಅನುವಾದಕರಾಗಬೇಕು, ಕಚೇರಿ ಪತ್ರವ್ಯವಹಾರ ಮಾಡಬೇಕು, ಅರೇಬಿಕ್‌ನಲ್ಲಿ ಡಿಗ್ರಿ ಮಾಡಬೇಕು ಅನ್ನೋರಿಗೆ ಫುಸ್ಹಾ ಬಿಟ್ಟು ದಾರಿ ಇಲ್ಲ. ಹೈದರಾಬಾದ್‌ನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಇದರ ಓದಿಗೆ ಅವಕಾಶ ಇದೆ. ಇದು ವರ್ಷಗಟ್ಟಲೆಯ ಕೆಲಸ, ಎರಡು ತಿಂಗಳದ್ದಲ್ಲ.

ಗಲ್ಫ್ ಅಷ್ಟೇ ಅಲ್ಲ: ಸುಡಾನ್ ನೆನಪಿರಲಿ

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸೇನಾ ಸಂಘರ್ಷ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಹಲವರು ಅಲ್ಲಿ ಸಿಲುಕಿದ್ದರು. ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳಿಂದ ಗಿಡಮೂಲಿಕೆ ಔಷಧಿ, ಎಣ್ಣೆ ಮಾರಲು ಹೋದವರು ಅವರು. ಕೇಂದ್ರ ಸರ್ಕಾರ "ಆಪರೇಷನ್ ಕಾವೇರಿ" ಹೆಸರಿನಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ ಕರೆತಂದಿತು.

ಸುಡಾನ್‌ನದೂ ಅರೇಬಿಕ್ಕೇ. ಆದರೆ ಅಲ್ಲಿ "ಏನು" ಅನ್ನೋದಕ್ಕೆ ಕುವೈತ್‌ನ ಹತ್ತಿರದ "ಶಿನೂ", "ಚಲೋ" ಅನ್ನೋದಕ್ಕೆ ಈಜಿಪ್ಟಿನ "ಕುವಯ್ಯಿಸ್". ಅಂದರೆ ಎರಡರ ಮಿಶ್ರಣದಂಥ ಬೇರೆಯದೇ ಮಾತು. ಊರೂರು ತಿರುಗಿ ಮಾರುವವರಿಗೆ ಪುಸ್ತಕದ ಅರೇಬಿಕ್ ಹೆಚ್ಚು ಸಹಾಯ ಮಾಡೋದಿಲ್ಲ, ಅಲ್ಲಿನ ಸಂತೆಯ ಮಾತೇ ಬೇಕು.

ಅರ್ಧ ಅರೇಬಿಕ್ ನಮ್ಮ ಕಚೇರಿಯಲ್ಲೇ ಐತಿ

ಅರೇಬಿಕ್ ಅಂದರೆ ಹೆದರಬೇಕಿಲ್ಲ. ಕುಂದಗೋಳದ ತಹಶೀಲ್ದಾರ್ ಕಚೇರಿಗೆ ಹೋದರೆ ಮೂಲದಲ್ಲಿ ಅರೇಬಿಕ್ ಆದ ಪದಗಳೇ ಸಾಲುಸಾಲು: ತಾಲ್ಲೂಕು, ಜಿಲ್ಲಾ, ಅರ್ಜಿ, ನಕಲು, ಅಸಲು, ಹಾಜರ್, ವಕೀಲ, ಹುಕುಂ, ಕಬೂಲ, ವಸೂಲಿ, ಜಮಾ. ಪರ್ಷಿಯನ್, ಉರ್ದು ದಾಟಿ ನಮ್ಮಲ್ಲಿಗೆ ಬಂದವು ಇವು. ಅಂಗಡಿಕಾರರು ದಿನಾ ಬಳಸುವ ಹಿಸಾಬು, ಮಾಲು, ಖಾಲಿ, ಸಾಬೂನು ಪದಗಳು ಗಲ್ಫ್‌ನಲ್ಲೂ ನಡೆಯುತ್ತವೆ. ಹೋಟೆಲಿನಲ್ಲಿ ಬಿಲ್ಲು ಕೇಳಲು "ಅಲ್‌ಹಿಸಾಬ್" ಅಂದರೆ ಸಾಕು. "ಆಗಲಿ ಸರ್" ಅನ್ನೋದಕ್ಕೆ "ಹಾಜಿರ್" ಅಂದರೆ ನಡೆಯುತ್ತದೆ.

ಇಲ್ಲಿಂದ ಅಲ್ಲಿಗೆ ಹೋದ ಪದಗಳೂ ಇವೆ. ರಸ್ತೆಯಲ್ಲಿ "ನೇರ ಹೋಗು" ಅನ್ನೋದಕ್ಕೆ ಗಲ್ಫ್‌ನ ಅರಬರು ಅನ್ನೋದು "ಸೀದಾ". 1960ರ ದಶಕದವರೆಗೂ ಕುವೈತ್, ಬಹರೇನ್, ಕತಾರ್, ದುಬೈಗಳಲ್ಲಿ ಚಲಾವಣೆ ಇದ್ದದ್ದು ರೂಪಾಯಿ. ಒಮಾನ್‌ನ ಚಿಲ್ಲರೆ ನಾಣ್ಯಕ್ಕೆ ಇವತ್ತೂ "ಬೈಸಾ" ಅಂತಾರೆ, ನಮ್ಮ ಪೈಸೆಯೇ ಅದು. ಡ್ರೈವರ್ ಆಗಿ ಹೋಗುವವರಿಗೆ "ಯಮೀನ್" (ಬಲಕ್ಕೆ), "ಯಸಾರ್" (ಎಡಕ್ಕೆ), "ಸೀದಾ" ಈ ಮೂರೇ ಮೊದಲ ಪಾಠ.

ಎಂಟು ವಾರದಲ್ಲಿ ಏನು ಮಾಡಬಹುದು?

ದಿನಕ್ಕೆ ಅರ್ಧ ತಾಸು ಕೊಟ್ಟರೂ ಸಾಕು.

ಮೊದಲ ಎರಡು ವಾರ ಅಂಕಿ. ವಾಹಿದ್, ಇತ್ನೇನ್, ತಲಾತಾ, ಅರ್ಬಾ, ಖಮ್ಸಾ... ಇವು ಎಲ್ಲಾ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಬರೆಯುವ ಅಂಕಿ ಬೇರೆ ಇವೆ. ನಮಗೆ ಸೊನ್ನೆಯಂತೆ ಕಾಣುವ ದುಂಡು ಅಲ್ಲಿ 5, ಬರೇ ಚುಕ್ಕೆ ಇಟ್ಟರೆ ಸೊನ್ನೆ. ಪಗಾರದ ಚೀಟಿ, ಔಷಧಿ ಮೇಲಿನ ತಾರೀಖು ನೋಡುವಾಗ ಇದು ಗೊತ್ತಿರಬೇಕು. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ನಮ್ಮಂಗ ಎಡದಿಂದ ಬಲಕ್ಕೇ ಓದೋದು.

ಮೂರು, ನಾಲ್ಕನೇ ವಾರ ಎಲ್ಲಿ, ಏನು, ಯಾವಾಗ, ಎಷ್ಟು, ಬೇಕು, ಬ್ಯಾಡ ಅನ್ನೋ ಪದಗಳನ್ನು ಹೋಗುವ ದೇಶದ ಮಾತಿನಲ್ಲೇ ಕಲಿಯಬೇಕು. ಐದು, ಆರನೇ ವಾರ ಕೆಲಸಕ್ಕೆ ಸಂಬಂಧಿಸಿದ ಪದಗಳು. ಕಡೆಯ ಎರಡು ವಾರ ಈ ವಾಕ್ಯಗಳು, ನಿದ್ದೆಗಣ್ಣಿನಲ್ಲಿ ಕೇಳಿದರೂ ಬರುವಂತೆ:

"ಶ್ವೈ ಶ್ವೈ, ಮಾ ಅಫ್‌ಹಮ್": ಸಾವಕಾಶ ಹೇಳ್ರಿ, ನನಗೆ ತಿಳೀಲಿಲ್ಲ.

"ಮಾ ಅಗ್ದರ್ ಅಗ್ರಾ ಅರಬಿ": ನನಗೆ ಅರೇಬಿಕ್ ಓದೋಕೆ ಬರಲ್ಲ. (ಕಾಗದಕ್ಕೆ ಸಹಿ ಕೇಳಿದಾಗ.)

"ಮಾ ಇಸ್ತಲಮ್ತ್ ರಾತಿಬ್ ಶಹ್ರೇನ್": ಎರಡು ತಿಂಗಳ ಪಗಾರ ನನಗೆ ಸಿಕ್ಕಿಲ್ಲ.

"ಅಬ್ಗಾ ಅಕಲ್ಲಿಮ್ ಅಸ್ಸಿಫಾರಾ ಅಲ್‌ಹಿಂದಿಯಾ": ಭಾರತದ ರಾಯಭಾರ ಕಚೇರಿ ಜೊತೆ ಮಾತಾಡಬೇಕು.

ಜೊತೆಗೆ "ಜವಾಜ್" (ಪಾಸ್‌ಪೋರ್ಟ್), "ಇಕಾಮಾ" (ವಾಸದ ಪರವಾನಗಿ), "ಅಕ್ದ್" (ಕರಾರು), "ಕಫೀಲ್" (ಪ್ರಾಯೋಜಕ ಮಾಲೀಕ), "ಇಜಾಜಾ" (ರಜೆ), "ಮುಸ್ತಶ್ಫಾ" (ಆಸ್ಪತ್ರೆ), "ಶುರ್ತಾ" (ಪೊಲೀಸ್) ಪದಗಳು ಬಾಯಿಗೆ ಬರಬೇಕು.

ಒಬ್ಬರೇ ಕೂತು ಓದಿದರೆ ಉಚ್ಚಾರ ಕೂಡೋದಿಲ್ಲ. ಅದೇ ದೇಶದಲ್ಲಿ ಇದ್ದು ಬಂದವರು ಯಾರಾದರೂ ಸುತ್ತಲಿನ ಊರಲ್ಲಿ ಇದ್ದರೆ ವಾರಕ್ಕೆ ಒಂದು ಸಲ ಕೂತು ಮಾತಾಡಿಸಿಕೊಳ್ಳಬೇಕು. ವಿಡಿಯೋ ನೋಡುವುದಾದರೆ ಹೋಗುವ ದೇಶದ ಹೆಸರು ಹಾಕಿ ಹುಡುಕಬೇಕು.

ಕೋರ್ಸ್ ಹೆಸರಲ್ಲಿ ದುಡ್ಡು ಕಳ್ಕೋಬ್ಯಾಡ್ರಿ

ಕೂಲಿ, ಡ್ರೈವರ್, ಮನೆಗೆಲಸದಂಥ ವಿಸಾಗಳಿಗೆ ಅರೇಬಿಕ್ ಸರ್ಟಿಫಿಕೇಟ್ ಕೇಳೋದಿಲ್ಲ. "ಈ ಕೋರ್ಸ್ ಮಾಡಿದರೇ ವಿಸಾ" ಅಂತ ಯಾರಾದರೂ ಅಂದರೆ ಎಚ್ಚರ. ನೋಂದಾಯಿತ ಏಜೆಂಟ್ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತಗೊಳ್ಳುವಂತಿಲ್ಲ, ಅದಕ್ಕೆ ರಸೀದಿ ಕೊಡಬೇಕು. ಏಜೆಂಟ್ ನೋಂದಾಯಿತನೋ ಅಲ್ಲವೋ ಅನ್ನೋದನ್ನು ಕೇಂದ್ರದ "ಇ-ಮೈಗ್ರೇಟ್" ಪೋರ್ಟಲ್‌ನಲ್ಲಿ ನೋಡಬಹುದು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ "ಇಸಿಆರ್" ವರ್ಗದ್ದು. ಅವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ವಿಸಿಟ್ ವಿಸಾದಲ್ಲಿ ಕಳಿಸಿ "ಅಲ್ಲಿ ಹೋದ ಮೇಲೆ ಬದಲಿಸೋಣ" ಅನ್ನುವವರನ್ನು ನಂಬಿದರೆ ಈ ರಕ್ಷಣೆ ಯಾವುದೂ ಸಿಗೋದಿಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂ., ಮೂರು ವರ್ಷಕ್ಕೆ 375 ರೂ. ಕಂತಿಗೆ 10 ಲಕ್ಷ ರೂ. ವಿಮೆ ಇದೆ. ಹೊರಡುವ ಮೊದಲಿನ ಒಂದು ದಿನದ ಸರ್ಕಾರಿ ತರಬೇತಿ ಉಚಿತ. ವಿಚಾರಣೆಗೆ ಕೇಂದ್ರದ ಟೋಲ್ ಫ್ರೀ ಸಂಖ್ಯೆ 1800-11-3090.

ಇನ್ನೊಂದು ಮಾತು. ಯುಎಇಯಲ್ಲಿ ಕೆಲಸದ ಪ್ರಸ್ತಾವ ಪತ್ರವನ್ನು ಅರೇಬಿಕ್, ಇಂಗ್ಲಿಷ್ ಜೊತೆ ಕೆಲಸಗಾರನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಕೊಡುವ ಪದ್ಧತಿ 2016ರಿಂದ ಇದೆ. ಆ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳಂ, ತಮಿಳು ಇವೆ, ಕನ್ನಡ ಇಲ್ಲ. ನಮ್ಮವರು ಹಿಂದಿ ಅಥವಾ ಉರ್ದು ಪ್ರತಿ ಕೇಳಿ ಪಡೆದು, ಸಹಿ ಹಾಕುವ ಮೊದಲು ಓದಿಸಿಕೊಂಡು, ಒಂದು ಝೆರಾಕ್ಸ್ ಮನೆಯಲ್ಲಿ ಬಿಟ್ಟು ಹೋಗಬೇಕು. ಅರೇಬಿಕ್ ಪ್ರತಿಗೂ ಉಳಿದ ಪ್ರತಿಗೂ ವ್ಯತ್ಯಾಸ ಬಂದರೆ ಅಲ್ಲಿನ ಕಾನೂನು ಒಪ್ಪೋದು ಅರೇಬಿಕ್ ಪ್ರತಿಯನ್ನೇ. ಪಗಾರದ ಅಂಕಿ ಎರಡೂ ಕಡೆ ಒಂದೇ ಇದೆಯಾ ಅಂತ ನೋಡಿಕೊಳ್ಳೋದಕ್ಕಾದರೂ ಮೊದಲ ಎರಡು ವಾರದ ಅಂಕಿ ಪಾಠ ತಪ್ಪಿಸಬಾರದು.